ಉಸಿರು ಕಾಯುವ ಯಂತ್ರಕ್ಕೆ ತಾವು ಹಾಕಿದ ಬೀಗ

ಮಾನ್ಯ ಕಾನೂನು ಅಧಿಕಾರಿಗಳೇ,

ರಾತ್ರಿ ಎರಡೂವರೆಗೆ ತಮ್ಮ ಕಂಪನಿಯ ಯಂತ್ರ ಕುಂಯ್ಯೆಂದು ಕೂಗಿ ಎಬ್ಬಿಸಿದ ಈ ಸುಮುಹೂರ್ತದಲ್ಲಿ, ಮಿರಜಿನಿಂದ ಸುಮನ ಮಾಡುವ ನಮಸ್ಕಾರಗಳು. ಮಗಳ ಉಸಿರು ನಿಂತಿತೆಂದು ತೊಟ್ಟಿಲಿಗೆ ಓಡಿದೆ. ಅವಳು ಹಾಯಾಗಿ ಮಲಗಿದ್ದಳು. ತಾವು ಮಾತ್ರ ಕಂಪ್ಯೂಟರಿನ ಪರದೆಯ ಮೇಲೆ ನಮ್ಮನ್ನು ಅನಧಿಕೃತ ಬಳಕೆದಾರರೆಂದು ಕರೆದು, ಅವಳ ಉಸಿರು ಎಣಿಸುವುದನ್ನು ನಿಲ್ಲಿಸಿದ್ದಿರಿ.

ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ನಿದ್ದೆಯಲ್ಲಿ ಉಸಿರಾಡಲು ಮರೆಯುತ್ತದೆ ಎಂದು ಡಾಕ್ಟರರು ಹೇಳಿದ್ದಕ್ಕೆ, ಕಂಪ್ಯೂಟರಿಗೆ ಜೋಡಿಸುವ ಈ ಯಂತ್ರ ಕೊಂಡೆವು. ಅದರ ಪ್ರೋಗ್ರಾಂ ಯಾರೂ ನಕಲು ಮಾಡದಿರಲೆಂದು, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಬೀಗದ ಡಬ್ಬಿಯನ್ನೂ ಕೊಟ್ಟಿರಿ. ಖಂಡೇನವಮಿಯ ಆಯುಧಪೂಜೆಗೆ ಅತ್ತೆ ನೀಲಗಂಗವ್ವನವರು ಅಂಗಡಿಯ ತಕ್ಕಡಿ, ಸ್ಕೂಟರು, ಮಿಕ್ಸರುಗಳ ಜೊತೆ ಅದನ್ನೂ ಕಿತ್ತು, ತೊಳೆದು, ವಿಭೂತಿ ಹಚ್ಚಿ ಪೂಜಿಸಿದರು. "ಕೂಸಿನ ಜೀವಾ ಕಾಯೂದಕ್ಕ ಪೂಜಿ ಬ್ಯಾಡಂದ್ರ ಹ್ಯಾಂಗವಾ?" ಎಂಬ ಅವರ ಪ್ರಶ್ನೆಗೆ ತಮ್ಮ ಕೈಪಿಡಿಯಲ್ಲಿ ಉತ್ತರವಿಲ್ಲ. ಡಬ್ಬಿ ಅಂದೇ ಸತ್ತಿತು. ಈಗ ಯಂತ್ರ ಅರ್ಧ ಗಂಟೆ ಎಣಿಸುತ್ತದೆ, ಡಬ್ಬಿ ಎಲ್ಲಿ ಎನ್ನುತ್ತದೆ, ಮುನಿಸಿಕೊಂಡು ನಿಲ್ಲುತ್ತದೆ. ಪ್ರತಿ ಸಲ ನಾನೇ ಎದ್ದು ಮತ್ತೆ ಚಾಲೂ ಮಾಡಬೇಕು.

ಸಾಂಗ್ಲಿಯ ತಮ್ಮ ಏಜೆಂಟ ಗುರಲಿಂಗ, "ವೈನಿ, ಹೊಸಾದು ಪರದೇಶದಿಂದ ಬರಬೇಕರಿ, ದೀಪಾವಳಿ ಆದಮ್ಯಾಲ ನೋಡೂಣು," ಎಂದರು. ಅಲ್ಲೀತನಕ ಕೂಸಿಗೆ ಏನು ಹೇಳಲಿ ಎಂದು ಕೇಳಿದ್ದಕ್ಕೆ ಚಹಾ ತರಿಸಿದರು.

ತಮ್ಮ ಎಚ್ಚರವನ್ನು ಮೆಚ್ಚಲೇಬೇಕು. ಕೂಸಿನ ಉಸಿರು ಹೋದರೆ ಹೋಗಲಿ, ಪ್ರೋಗ್ರಾಂ ಕಳುವಾಗಬಾರದು. ಪರದೇಶದ ಸರಕಿಗೆ ದೇಶದ ಬಾಗಿಲು ತೆರೆದ ಮೇಲೆ ನಮ್ಮ ಮನೆಗೆ ಬಂದ ಮೊದಲ ವಿದೇಶಿ ಅತಿಥಿ ಒಂದು ಬೀಗ ಎಂಬುದು ನಮ್ಮ ಭಾಗ್ಯ.

ನಾನು ಕಂಪ್ಯೂಟರಿನಲ್ಲಿ ಬಿ.ಎಸ್ಸಿ. ಮಾಡಿದವಳು. ಡಬ್ಬಿ ಇದೆಯೇ ಎಂದು ಯಂತ್ರ ಕೇಳಿದಾಗಲೆಲ್ಲ ಇದೆ ಎನ್ನುವ ಪುಟ್ಟ ಪ್ರೋಗ್ರಾಮನ್ನು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬರೆದಿದ್ದೇನೆ. ಓಡಿಸಲೇ ಎಂದು ಕೇಳಿದರೆ, ಓಡಿಸುವುದಿರಲಿ, ಬರೆದದ್ದೇ ಅಪರಾಧವೆಂದು ತಮ್ಮ ಕಚೇರಿಯವರು ಫೋನಿನಲ್ಲಿ ಹೆದರಿಸಿದರು. ನಮ್ಮವರು ಬೆವೆತು, "ಮದಲ ಪರವಾನಗಿ ಕೇಳು, ಆಮ್ಯಾಲ ಓಡಸು," ಎಂದು ಮಲಗಿದ್ದಾರೆ.

ಆದ್ದರಿಂದ, ಕೀಲಿ ಬಾವಿಗೆ ಬಿದ್ದಾಗ ನಮ್ಮ ಅಂಗಡಿಯ ಬೀಗ ಒಡೆಯಲು ನಮಗಿರುವ ಹಕ್ಕಿನಂತೆಯೇ, ನಾವು ಕೊಂಡ ಯಂತ್ರದ ಬೀಗ ದಾಟುವ ಪ್ರೋಗ್ರಾಂ ಬರೆಯುವ, ಓಡಿಸುವ ಹಕ್ಕನ್ನೂ ದಯಪಾಲಿಸಬೇಕು. ಆಗದಿದ್ದರೆ, ದೀಪಾವಳಿಯವರೆಗೆ ತಪ್ಪದೆ ಉಸಿರಾಡತಕ್ಕದ್ದೆಂದು ನನ್ನ ಮಗಳಿಗೆ ನೋಟೀಸು ಕಳಿಸಿ. ಅದೂ ಆಗದಿದ್ದರೆ ತಾವೇ ಬಂದು ತೊಟ್ಟಿಲ ಪಕ್ಕ ಕುಳಿತು ಎಣಿಸಿ. ಕುರ್ಚಿ ಕೊಡುತ್ತೇವೆ, ದಿಂಬು ಕೊಡುವುದಿಲ್ಲ.

ನಿದ್ದೆಗೆಟ್ಟರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸುಮನ

ತಾ.ಕ.: ಇದು ಈಗಲೇ ಫ್ಯಾಕ್ಸಿನಲ್ಲಿ ತಮಗೂ ಪತ್ರಿಕೆಗೂ ಹೋಗುತ್ತಿದೆ. ಕಣ್ಣು ಎಳೆಯುತ್ತಿವೆ. ಕೈಮುಗಿದು ಬೇಡುತ್ತೇನೆ, ಬೆಳಗಾಗುವ ಮೊದಲು ಒಂದು ಫೋನ್ ಮಾಡಿ. ನಾನು ಎತ್ತದಿದ್ದರೆ ನಿದ್ದೆ ಹೋಗಿದ್ದೇನೆಂದು ತಿಳಿಯಿರಿ. ಅಂದರೆ, ಆ ಪ್ರೋಗ್ರಾಂ ಓಡುತ್ತಿದೆ.