ಕಂತುಯಂತ್ರ ಮತ್ತು ಒಂದು ರೂಪಾಯಿ

"ಚಿದೂ, ಇನ್ಮೇಲೆ ಆ ಕಚೇರಿಯೋರು ನಮ್ಮಕ್ಕಂಗೆ ಸುಳ್ಳು ಹೇಳೋಕೆ ಆಗಲ್ಲ ಕಣೋ!" ಎಂದು ರುದ್ರಣ್ಣ ಮೇಜಿನ ಮೇಲಿದ್ದ ಟವೆಲ್ಲನ್ನು ಮದುವೆ ಮನೆಯ ಅಂತರಪಟದಂತೆ ಸರ್ರನೆ ಎಳೆದ.

ಕೆಳಗಿದ್ದದ್ದು ವಧುವೇನೂ ಅಲ್ಲ! ಮಿಕ್ಸಿಯ ಮೋಟಾರು, ಸ್ಕೂಟರಿನ ಬ್ಯಾಟರಿ, ಗಾಜು ಒಡೆದ ಮೊಬೈಲು, ಇಕ್ಕಳ ಕಟ್ಟಿದ ಒಂದು ಕಬ್ಬಿಣದ ಕೈ. ಕೈಯ ಆಚೆಗೊಂದು ಈಚೆಗೊಂದು ಹಿತ್ತಾಳೆ ಪಾವು. ಎಡಗಡೆ ಪಾವಿನಲ್ಲಿ ಹದಿನೈದು ಹುಣಸೆಬೀಜ, ಬಲಗಡೆಯದರಲ್ಲಿ ಒಂಬತ್ತು.

"ಇದು ಕಂತುಯಂತ್ರ. ಎಡಗಡೆ ಬಾಕಿ, ಬಲಗಡೆ ಕಟ್ಟಿದ್ದು. ತಿಂಗಳು ತಿಂಗಳು ತಾನೇ ಅಕ್ಕನ ಖಾತೆಯಿಂದ ದುಡ್ಡು ಕಟ್ಟುತ್ತೆ, ತಾನೇ ಬೀಜ ಎತ್ತಿಡುತ್ತೆ!"

"ಚಿಲ್ಲರೆ ಕೆಲಸ ಹೇಳಿದ್ರೆ ಇಷ್ಟು ಸಾಮಾನು ಹಾಳು ಮಾಡಿದ್ಯಲ್ಲೋ," ಎಂದರು ಶಾಂತವೀರಮ್ಮ. "ಆ ಮೋಟಾರು ನನ್ನ ಮಿಕ್ಸಿದು ತಾನೆ?"

"ವಿಜ್ಞಾನಕ್ಕೆ ತ್ಯಾಗ ಬೇಕಕ್ಕಾ."

"ಚಟ್ನಿಗೆ ಮಿಕ್ಸಿ ಬೇಕು ಕಣೋ!"

ರುದ್ರಣ್ಣ ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತನಾದವನು. ಹಿಂದಿನ ವರ್ಷ ಅವನು ಮಾಡಿದ ಸೊಳ್ಳೆಯಂತ್ರ ಒಂದು ಸೊಳ್ಳೆಯನ್ನೂ ಕೊಲ್ಲಲಿಲ್ಲ. ಯಾರಿಗೆ ಎಷ್ಟು ಕಚ್ಚಿದವು ಎಂದು ಬೆಳಿಗ್ಗೆ ಎದ್ದು ವರದಿ ಕೊಡುತ್ತಿತ್ತು, ಅಷ್ಟೆ. ಶಾಂತವೀರಮ್ಮ ಅವನ ಅಕ್ಕ. ಕೊಬ್ಬರಿ ಮಂಡಿಯ ಹಿಂದಿನ ನಮ್ಮ ವಠಾರದಲ್ಲಿ ಅವರಿಬ್ಬರದು ಮೂರನೇ ಮನೆ, ನನ್ನದು ನಾಲ್ಕನೆಯದು. ನಡುವಿನ ಗೋಡೆ ಎಷ್ಟು ತೆಳು ಎಂದರೆ ಅವರ ಮನೆಯ ಒಗ್ಗರಣೆಗೆ ನನ್ನ ಮನೆಯಲ್ಲಿ ಸೀನು ಬರುತ್ತದೆ.

ಬಾಕಿಯ ಕತೆ ಇಷ್ಟು. ಶಾಂತವೀರಮ್ಮನವರ ಯಜಮಾನರು ಸಿದ್ಧವೀರಪ್ಪ ಮೇಷ್ಟ್ರು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಒಂದೇ ಒಂದು ಬಡ್ತಿಯನ್ನೂ ಕಾಣದೆ ತೀರಿಕೊಂಡರು. ವಿಧವೆಗೆ ಏಳು ವರ್ಷ ಹೆಚ್ಚಿನ ಪಿಂಚಣಿ, ಆಮೇಲೆ ಕಡಿಮೆ ಪಿಂಚಣಿ ಎಂಬುದು ನಿಯಮ. ಏಳು ವರ್ಷವಾದ ಮೇಲೆ ಕಡಿಮೆ ಮಾಡಲು ಕಚೇರಿಯ ಕಂಪ್ಯೂಟರಿಗೆ ಮರೆತುಹೋಯಿತು. ಎರಡು ವರ್ಷ ಮರೆತು ಒಂದು ದಿನ ಇದ್ದಕ್ಕಿದ್ದಂತೆ ನೆನಪು ಮಾಡಿಕೊಂಡಿತು. ನಲವತ್ತಮೂರು ಸಾವಿರದ ಇನ್ನೂರು ರೂಪಾಯಿ ಹೆಚ್ಚು ತಿಂದಿದ್ದೀರಿ, ತಿಂಗಳಿಗೆ ಸಾವಿರದ ಎಂಟುನೂರರಂತೆ ಇಪ್ಪತ್ತನಾಲ್ಕು ಕಂತಿನಲ್ಲಿ ಕಕ್ಕಿ! ಮರೆತವರು ಅವರು, ಬಾಕಿದಾರರು ಇವರು.

ಒಂಬತ್ತು ಕಂತು ಕಟ್ಟಿಯಾಗಿತ್ತು. ಕಚೇರಿಯ ಪುಸ್ತಕದಲ್ಲಿ ನಾಲ್ಕೇ ಇದ್ದವು; ರಸೀದಿ ತೋರಿಸಿ ಜಗಳವಾಡಿದ ಮೇಲೆ ಒಂಬತ್ತಾದವು. ಮಧ್ಯಾಹ್ನದ ಕಾಫಿಯನ್ನೂ ಬಿಟ್ಟು ಕಂತು ಕಟ್ಟಿ ಕಟ್ಟಿ ಅಮ್ಮನವರೇ ಕಂತುವ ಹಾಗೆ ಕಾಣುತ್ತಿದ್ದರು.

ಆದರೆ ಅವರಿಗೆ ಉರಿಯುತ್ತಿದ್ದದ್ದು ಕಾಫಿಯಿಲ್ಲದ ಹೊಟ್ಟೆಯಲ್ಲ. ಕಡತ ಗಂಡನ ಹೆಸರಿನಲ್ಲಿದ್ದುದರಿಂದ ಕಚೇರಿಯ ಬಾಗಿಲ ಪಕ್ಕದ ಸೂಚನಾ ಫಲಕದಲ್ಲಿ 'ಬಾಕಿದಾರರು: ದಿ. ಸಿದ್ಧವೀರಪ್ಪ, ಶಿಕ್ಷಕರು' ಎಂದು ಚೀಟಿ ಅಂಟಿಸಿದ್ದರು. ಅವರ ಕೈಯಲ್ಲಿ ಅಕ್ಷರ ತಿದ್ದಿದ ಅರ್ಧ ಊರು ಅದೇ ಬಾಗಿಲಲ್ಲಿ ಓಡಾಡುತ್ತದೆ.

"ಸಾಯೋ ಹಿಂದಿನ ದಿನ, ಜ್ವರದಲ್ಲೂ, ಎದುರುಮನೆ ಛತ್ರಿ ವಾಪಸ್ ಕೊಟ್ಟು ಬಂದ ಮನುಷ್ಯ ಕಣಪ್ಪಾ ಚಿದಾನಂದ. ದುಡ್ಡು ಹೋದ್ರೆ ಹೋಗ್ಲಿ. ಆ ಹಲಗೆಯಿಂದ ಅವರ ಹೆಸರು ಇಳಿದ್ರೆ ಸಾಕು ನಂಗೆ," ಎಂದರು.

ನಾನು ಕಾಲೇಜಿನಲ್ಲಿ ವಾಣಿಜ್ಯ ಓದಿಸುವವನು. ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಅವರ ಹೆಂಡತಿಯನ್ನೇ ಎಬ್ಬಿಸಿ ನಿಲ್ಲಿಸಿದವನು. "ಯಂತ್ರಕ್ಕೆ ಒಂದು ದನಿ ಬೇಕಲ್ಲೋ ಚಿದೂ," ಎಂದು ರುದ್ರಣ್ಣ ಕೇಳಿದಾಗ ಬೇರೆಯವರಾದರೆ ದೇವರ ನಾಮದ ದನಿ ಕೊಡುತ್ತಿದ್ದರು. ನಾನು ಆ ಕಚೇರಿಯ ಸೂಪರಿಂಟೆಂಡೆಂಟರ ದನಿ ಕೊಟ್ಟೆ! ಮೂಗಿನಿಂದ ಹೊರಟು, ಗಂಟಲಲ್ಲಿ ಒಂದು ಸಲ 'ಹ್ಞೂಂ' ಎಂದು ನಿಂತು, ಪ್ರತಿ ಮಾತಿನ ಕೊನೆಗೆ 'ಅರ್ಥ ಆಯ್ತೇನ್ರೀ?' ಎಂದು ಕುಟ್ಟುವ ದನಿ. ತಮಾಷೆಗೆ ಕೊಟ್ಟದ್ದು. ಅದರ ಕತೆ ಮುಂದಿದೆ.

ಇನ್ನು ಯಂತ್ರಕ್ಕೆ 'ವಾಪಸ್ ಕೊಡುವುದು' ಎಂದರೇನೆಂದು ಗೊತ್ತಾಗಬೇಕಲ್ಲ? ಅದನ್ನು ಕಲಿಸಲು ರುದ್ರಣ್ಣ ಯಂತ್ರವನ್ನು ಒಂದು ವಾರ ಅಕ್ಕನ ಅಡುಗೆಮನೆಯ ಗೂಡಿನಲ್ಲಿಟ್ಟ. ವಠಾರದ ಆರು ಮನೆಯ ಕೈಗಡ ನಡೆಯುವುದು ಆ ಬಾಗಿಲಲ್ಲೇ. ಮೊಬೈಲಿನ ಕಣ್ಣು ತೆರೆದುಕೊಂಡು ಯಂತ್ರ ಎಲ್ಲವನ್ನೂ ನೋಡಿತು. ಎದುರುಮನೆ ಜಯಶೀಲ ಒಂದು ಲೋಟ ಸಕ್ಕರೆ ಸಮಸಮ ಒಯ್ದು, ವಾಪಸ್ ತಂದಾಗ ಲೋಟದ ಮೇಲೆ ಗೋಪುರ ಕಟ್ಟಿ ತಂದದ್ದು. ನಾನು ಕಾಫಿಪುಡಿ ತೀರಿಸಿ ಡಬ್ಬಿಯ ಜೊತೆಗೆ ಎರಡು ಬಾಳೆಹಣ್ಣು ಇಟ್ಟದ್ದು. ಶಾಂತವೀರಮ್ಮ ಯಾರದೋ ಸಾರಿನ ಪಾತ್ರೆ ತೊಳೆದು, ಬರಿಪಾತ್ರೆ ಕಳಿಸಬಾರದೆಂದು ತಳಕ್ಕೆ ಒಂದು ಚೂರು ಬೆಲ್ಲ ಹಾಕಿದ್ದು.

"ಬೇಡ ಬೇಡ ಅಂದ್ರೂ 'ಇರಲಿ ತಗೊಳ್ಳಿ' ಅಂತ ಮೂರು ಸಲ ಒತ್ತಾಯ ಮಾಡೋದನ್ನೂ ಕಲಿತಿದೆ!" ಎಂದು ರುದ್ರಣ್ಣ ಬೀಗಿದ.

ಹತ್ತನೇ ಕಂತಿನ ದಿನ ಯಂತ್ರ ಗುರ್ರೆಂದಿತು. ಕಬ್ಬಿಣದ ಕೈ ಒಂದು ಬೀಜ ಎತ್ತಿ ಬಲಗಡೆಗೆ ಹಾಕಿತು.

"ಹ್ಞೂಂ! ಸಾವಿರದ ಎಂಟುನೂರ ಒಂದು ರೂಪಾಯಿ ಕಟ್ಟಲಾಗಿದೆ. ಅರ್ಥ ಆಯ್ತೇನ್ರೀ?"

"ಒಂದಾ? ಆ ಒಂದು ಯಾಕೋ?" ರುದ್ರಣ್ಣನ ಮುಖ ಬಾಡಿತು.

ಶಾಂತವೀರಮ್ಮನವರದು ಅರಳಿತು. "ನೀನು ಮಾಡಿದ್ದರಲ್ಲಿ ಇದೊಂದಕ್ಕೆ ಸಂಸ್ಕಾರ ಇದೆ ಕಣೋ! ಸೊನ್ನೆ ಮೇಲೆ ಯಾರಾದ್ರೂ ದುಡ್ಡು ಕೊಡ್ತಾರೇನೋ? ಮುಯ್ಯಿ ಮಾಡೋರೂ ನೂರ ಒಂದು ಅಂತಾರೆ. ಇರಲಿ ಬಿಡು."

ವಾರದೊಳಗೆ ನೋಟೀಸು ಬಂತು: 'ಹತ್ತನೇ ಕಂತು ಪಾವತಿಯಾಗಿಲ್ಲ. ಗುರುತಿಲ್ಲದ ಮೊತ್ತವೊಂದು ಬಂದಿದ್ದು ಅಮಾನತ್ತಿನಲ್ಲಿಡಲಾಗಿದೆ.'

ಮೂವರೂ ಕಚೇರಿಗೆ ಹೋದೆವು. ಬಾಗಿಲ ಬಳಿ ಶಾಂತವೀರಮ್ಮ ಫಲಕದ ಕಡೆ ನೋಡದೆ, ಸೆರಗು ಕಿವಿಯವರೆಗೆ ಎಳೆದುಕೊಂಡು ಒಳಕ್ಕೆ ನಡೆದರು. ಗುಮಾಸ್ತ ಪಾಲಾಕ್ಷ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ.

"ಕಂತು ಎಷ್ಟಮ್ಮಾ? ಸಾವಿರದ ಎಂಟುನೂರು. ನೀವು ಕಟ್ಟಿದ್ದೆಷ್ಟು? ಸಾವಿರದ ಎಂಟುನೂರ ಒಂದು. ಹೊಂದಿಕೆ ಆಗ್ತಿಲ್ಲ."

"ಹೆಚ್ಚೇ ಕೊಟ್ಟಿದೀನಲ್ಲಪ್ಪ?"

"ಅದೇ ತಪ್ಪು. ಕಮ್ಮಿ ಕೊಟ್ರೆ ಬರೆಯೋಕೆ ಕಾಲಂ ಇದೆ. ಕೊಡದೇ ಇದ್ರೆ ಬರೆಯೋಕೆ ಎರಡು ಕಾಲಂ ಇದೆ. ಹೆಚ್ಚು ಕೊಟ್ರೆ ಕಾಲಮ್ಮೇ ಇಲ್ಲ!"

"ಬರಿಪಾತ್ರೆ ವಾಪಸ್ ಕೊಡಬಾರದಲ್ಲಪ್ಪ. ನಿಮ್ಮನೇಲಿ ಕೊಡ್ತೀರಾ?"

ಪಾಲಾಕ್ಷ ಆಗ ಮುಖ ಎತ್ತಿದ. "ನಮ್ಮನೇಲಿ ಕೊಡಲ್ಲಮ್ಮ. ಆದ್ರೆ ಇದು ನಮ್ಮನೆ ಅಲ್ಲವಲ್ಲ."

ಮನೆಗೆ ಬಂದು ರುದ್ರಣ್ಣ ನೋಟೀಸನ್ನು ಯಂತ್ರದ ಕಣ್ಣಿಗೆ ತೋರಿಸಿ, "ಅವರು ಬೇಡ ಅಂತಾರೆ ಕಣೋ, ಮುಂದಿನ ಸಲ ಸಮ ಕಟ್ಟು," ಎಂದು ತಿಳಿಹೇಳಿದ. ಯಂತ್ರ ನೋಟೀಸನ್ನು ಕೆಳಗಿನ ಪಾಲಾಕ್ಷನ ಸಹಿ, ಫೋನು ನಂಬರಿನವರೆಗೆ ಪೂರಾ ಓದಿತು. ಬೇಡ ಎಂದವರಿಗೆ ಏನು ಮಾಡಬೇಕೆಂದು ಅದು ಆಗಲೇ ಕಲಿತಿತ್ತಲ್ಲ! ಮಾರನೆಯ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಅದು ತಾನಾಗಿ ಫೋನು ಮಾಡಿತು. ನಾನು ಹಲ್ಲುಜ್ಜುತ್ತಾ ಗೋಡೆಯಾಚೆಯಿಂದ ನನ್ನದೇ ಮಿಮಿಕ್ರಿ ಕೇಳಿ ಪೇಸ್ಟು ನುಂಗಿದೆ.

"ಹ್ಞೂಂ! ಪಾಲಾಕ್ಷ, ಅದೇನ್ರೀ ಸಂಕೋಚ? ಇರಲಿ, ತಗೊಳ್ರೀ! ಆ ಒಂದು ರೂಪಾಯಿ ತಗೊಳ್ರೀ! ಅರ್ಥ ಆಯ್ತೇನ್ರೀ?"

"ಸಾರ್, ಕಾಲಂ ಇಲ್ಲ ಸಾರ್..."

"ಇರಲಿ, ತಗೊಳ್ರೀ!"

ಹನ್ನೊಂದು ವರ್ಷದಿಂದ ಆ ದನಿಗೆ ನಡುಗಿದ ಮನುಷ್ಯ ಪಾಲಾಕ್ಷ. ಮೂರನೇ 'ತಗೊಳ್ರೀ'ಗೆ ಅವನು ಕಂಪ್ಯೂಟರಿನಲ್ಲಿ ಹೊಸ ಕಾಲಂ ತೆರೆದುಬಿಟ್ಟ: 'ಹೆಚ್ಚುವರಿ ಬಂದದ್ದು - ಕೂಡಲೇ ಮರಳಿಸುವುದು.'

ಹತ್ತನೇ ಕಂತು ಜಮೆಯಾಯಿತು! ಆ ಒಂದು ರೂಪಾಯಿ ಶಾಂತವೀರಮ್ಮನವರ ಖಾತೆಗೆ ಮರಳಿ ಬಂತು. ರುದ್ರಣ್ಣ ನನ್ನನ್ನು ಅಪ್ಪಿಕೊಂಡ. ಅಪ್ಪುಗೆ ಬಿಡುವಷ್ಟರಲ್ಲಿ ಫೋನು ಟಿಣ್ ಎಂದಿತು: 'ಅರ್ಹತೆಗಿಂತ ರೂ. 1 ಹೆಚ್ಚು ಪಾವತಿಯಾಗಿದೆ. ಮರುಪಾವತಿಸಿ.'

ಸರ್ಕಾರದಿಂದ ಬಂದದ್ದೆಲ್ಲ ಪಿಂಚಣಿ, ನಿಗದಿಗಿಂತ ಹೆಚ್ಚು ಬಂದದ್ದೆಲ್ಲ ಬಾಕಿ! ಕಚೇರಿಯ ಕಂಪ್ಯೂಟರಿಗೆ ತಾನೇ ಮರಳಿಸಿದ್ದೆಂಬ ನೆನಪಿಲ್ಲ. ಅದಕ್ಕೆ ಮರೆವು ಹಳೆಯ ಕಾಯಿಲೆ.

ನಮ್ಮ ಯಂತ್ರಕ್ಕೆ ಮರೆವಿಲ್ಲ. ಒಂದು ಬಾಕಿಗೆ ಎರಡು ಕಟ್ಟಿತು. ಕಚೇರಿ ಒಂದು ಇಟ್ಟುಕೊಂಡು ಒಂದು ಮರಳಿಸಿತು. ಮರಳಿಸಿದ ಒಂದು ಬಾಕಿಯಾಯಿತು. ಯಂತ್ರ ಎರಡು ಕಟ್ಟಿತು...

ಟಿಣ್! ಟಿಣ್! ಟಿಣ್! ಕಬ್ಬಿಣದ ಕೈ ಒಂದೇ ಬೀಜವನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಎಸೆಯತೊಡಗಿತು. "ಅರ್ಥ ಆಯ್ತೇನ್ರೀ ಅರ್ಥ ಆಯ್ತೇನ್ರೀ ಅರ್ಥ ಆಯ್ತೇನ್ರೀ!" ಎಂದು ನನ್ನ ದನಿ ಭಜನೆಯ ಕೊನೆಯ ಸುತ್ತಿನಂತೆ ಏರಿತು. ರುದ್ರಣ್ಣ ಪ್ಲಗ್ಗು ಕಿತ್ತ. ಸ್ಕೂಟರಿನ ಬ್ಯಾಟರಿ ಇತ್ತಲ್ಲ, ನಿಲ್ಲಲಿಲ್ಲ. ಬ್ಯಾಟರಿಯ ತಂತಿಗೆ ಕೈಹಾಕಿದ. ಇಕ್ಕಳ ಅವನ ಬೆರಳನ್ನೂ ಎತ್ತಿ ಬಲಗಡೆ ಪಾವಿಗೆ ಜಮೆ ಮಾಡಲು ನೋಡಿತು!

ಬೀಜ ಕಾದು ಸಿಡಿಯಿತು. ಜಯಶೀಲ ಬಾಗಿಲಿಗೆ ಬಂದು, "ಯಾರು ಹುಣಸೆಬೀಜ ಹುರೀತಿರೋದು? ನಂಗೂ ಒಂದು ಹಿಡಿ ಇಡೀಪ್ಪಾ," ಎಂದಳು.

"ಬಾರೇ, ಒಂದಕ್ಕೆ ಎರಡು ಕೊಡ್ತಾನೆ!" ಎಂದು ಶಾಂತವೀರಮ್ಮ ಕಿರುಚಿದರು.

ಮಧ್ಯಾಹ್ನ ಎರಡೂವರೆಗೆ ಮಿಕ್ಸಿಯ ಮೋಟಾರು ಸುಟ್ಟು ಯಂತ್ರ ನಿಂತಿತು. ಅಷ್ಟರಲ್ಲಿ ಪ್ರತಿ ಸುತ್ತಿಗೂ ಹೊಸದೊಂದು ಬಾಕಿ ಪ್ರಕರಣ ದಾಖಲಾಗಿತ್ತು. ಸಾವಿರದ ನೂರ ನಲವತ್ತಾರು! ಸುತ್ತಿಗೊಂದರಂತೆ ಅಷ್ಟೇ ರೂಪಾಯಿ ಅಮ್ಮನವರ ಖಾತೆಯಿಂದ ಕರಗಿತ್ತು. ಕೊನೆಯ ಚೆಂಡು ನಮ್ಮ ಅಂಗಳದಲ್ಲಿತ್ತು. ಬಾಕಿ: ಒಂದು ರೂಪಾಯಿ.

ಮರುದಿನ ನಾನು ತಪ್ಪೊಪ್ಪಿಕೊಳ್ಳಲೆಂದೇ ಅಕ್ಕ-ತಮ್ಮನ ಜೊತೆಗೆ ಕಚೇರಿಗೆ ಹೋದೆ. ಸೂಪರಿಂಟೆಂಡೆಂಟರ ಮುಂದೆ ನಿಂತು, "ಸಾರ್, ನಿನ್ನೆ ಆ ಕಾಲಂ ತೆರೀರಿ ಅಂದದ್ದು ನೀವಲ್ಲ, ನಮ್ಮ ಯಂತ್ರ," ಎಂದೆ.

"ಹ್ಞೂಂ! ನಾನಲ್ಲ ಅಂತ ಹೇಳೋಕೆ ನೀವ್ಯಾರ್ರೀ?" ಎಂದರು ಅವರು. "ನಾನು ದಿನಕ್ಕೆ ನೂರು ಆದೇಶ ಕೊಡ್ತೀನಿ. ಪಾಲಾಕ್ಷ ಕೇಳಿಸ್ಕೊಂಡಿದಾನೆ ಅಂದ್ರೆ ಹೇಳಿರ್ತೀನಿ. ಹೇಳಿದ್ರೆ ಯೋಚನೆ ಮಾಡೇ ಹೇಳಿರ್ತೀನಿ. ಆ ಕಾಲಂ ಮೇಲಿನವರಿಗೂ ಹಿಡಿಸಿದೆ. ಅರ್ಥ ಆಯ್ತೇನ್ರೀ?"

ಅರ್ಥವಾಯಿತು. ನನ್ನ ಮಿಮಿಕ್ರಿ ಅಷ್ಟು ಚೆನ್ನಾಗಿತ್ತು.

ಶಾಂತವೀರಮ್ಮ ಪಾಲಾಕ್ಷನ ಕಿಟಕಿಯ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದರು. ಒಳಗೆ ಎರಡು ನಾಣ್ಯಗಳಿದ್ದವು. ಒಂದನ್ನು ಕಟ್ಟೆಯ ಮೇಲಿಟ್ಟರು. ಎರಡನೆಯದು ಬೆರಳ ನಡುವೆ ಸ್ವಲ್ಪ ಹೊತ್ತು ನಿಂತಿತು. ಪಾಲಾಕ್ಷ ಎರಡೂ ಕೈ ಮುಗಿದ. "ಬೇಡಮ್ಮಾ. ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಬೇಡ."

ಅವರು ಅದನ್ನು ಮತ್ತೆ ಗಂಟಿಗೆ ಕಟ್ಟಿಕೊಂಡರು. "ಅರವತ್ತೆಂಟು ವರ್ಷಕ್ಕೆ ಮೊದಲನೇ ಸಲ ಕಣಪ್ಪಾ, ಸಮ ಅಳೆದು ಕೊಟ್ಟಿದ್ದು," ಎಂದರು. ರಸೀದಿಯನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು: "ಹಲಗೆಯಿಂದ ಅವರ ಹೆಸರು?"

"ಆ ಚೀಟಿ ಇವತ್ತು ಬೆಳಿಗ್ಗೇನೇ ಕಿತ್ತು ಹಾಕಿದೀವಮ್ಮ," ಎಂದ ಪಾಲಾಕ್ಷ, ನಮ್ಮ ಮುಖ ನೋಡದೆ.

ಶಾಂತವೀರಮ್ಮನವರ ಕಣ್ಣು ತುಂಬಿತು. ಆ ಬಾಗಿಲಲ್ಲಿ ಮೊದಲ ಬಾರಿಗೆ ಸೆರಗನ್ನು ಹೆಗಲಿಗೆ ಇಳಿಸಿ ಹೊರಗೆ ಬಂದರು. ಫಲಕ ನಿಜಕ್ಕೂ ಖಾಲಿಯಾಗಿತ್ತು. ನಾವು ಒಳಗೆ ಹೋಗುವಾಗ ಬರಿದಾಗಿದ್ದ ಪಕ್ಕದ ಗೋಡೆಗೆ ಏಣಿ ಹಾಕಿಕೊಂಡು ಪೇಂಟರೊಬ್ಬ ಕೊನೆಯ ಅಕ್ಷರ ತಿದ್ದುತ್ತಿದ್ದ. ಸಾವಿರಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೆ ಚೀಟಿ ಸಾಲದು, ತೀರಿಸಿದರೂ ತೀರಿಸದಿದ್ದರೂ ಶಾಶ್ವತವಾಗಿ ಬರೆಸಬೇಕೆಂದು ನಿಯಮವಂತೆ. ಹಳದಿ ಗೋಡೆ, ಕೆಂಪು ಅಕ್ಷರ, ರಸ್ತೆಯ ಆಚೆಗೂ ಕಾಣುವಷ್ಟು ದೊಡ್ಡದು: 'ಪ್ರಥಮ ದರ್ಜೆ ಬಾಕಿದಾರರು: ದಿ. ಸಿದ್ಧವೀರಪ್ಪ, ಶಿಕ್ಷಕರು.'

ರುದ್ರಣ್ಣ ಅಕ್ಕನ ಮುಖ ನೋಡಲಾರದೆ ನೆಲ ನೋಡಿದ.

ಶಾಂತವೀರಮ್ಮ ಗೋಡೆಯ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಸೆರಗನ್ನು ಮತ್ತೆ ಕಿವಿಯವರೆಗೆ ಎಳೆದುಕೊಂಡು ಮೆಟ್ಟಿಲಿಳಿದರು.

"ಮೂವತ್ತೊಂದು ವರ್ಷ ಕಾದ್ರು ಪಾಪ," ಎಂದರು. "ಕೊನೆಗೂ ಬಡ್ತಿ ಕೊಟ್ರು."