ಬೀಗರೂಟದ ಮೂಳೆ

ಗದ್ದೆಯಲ್ಲಿ ರಂಜಕ ಕಮ್ಮಿ ಎಂದು ಮಣ್ಣು ಪರೀಕ್ಷೆ ಮಾಡಿದವರು ಹೇಳಿದ ದಿನದಿಂದ ನಂಜಪ್ಪನ ಕಣ್ಣಿಗೆ ಲೋಕವೆಲ್ಲ ಮೂಳೆಯಾಗಿಯೇ ಕಾಣುತ್ತಿತ್ತು. ಚೆಲುವನಾರಾಯಣನಿಗೆ ಕೈಮುಗಿದು ಸಾವಯವ ಹಿಡಿದವನು. ಅಂಗಡಿಯ ಗೊಬ್ಬರ ಮುಟ್ಟುವಂತಿಲ್ಲ. ಭತ್ತದ ಪೈರೋ, ಮುನಿಸಿಕೊಂಡ ಮಗುವಿನಂತೆ ನಿಂತಲ್ಲೇ ನಿಂತಿತ್ತು. ಮೂಳೆ ಸುಟ್ಟು, ಪುಡಿ ಮಾಡಿ, ತಿಪ್ಪೆಗೆ ಬೆರೆಸಿ ಹಾಕಿದರೆ ರಂಜಕ ಕೂಡುತ್ತದೆ ಎಂದಿದ್ದರು. ಅಷ್ಟು ಮೂಳೆ ಎಲ್ಲಿಂದ ತರುವುದು?

ಭಗವಂತನೇ ದಾರಿ ತೋರಿದ. ಮಗಳು ಪ್ರಮೀಳಾಳ ಮದುವೆ ಮುಗಿದು, ಪಾಂಡವಪುರದ ಪಕ್ಕದ ಅವನ ಮನೆಯಲ್ಲೇ ಬೀಗರೂಟ ನಡೆಯಿತು. ಎಲೆ ಎಲೆಯ ಮೇಲೂ ಮೂಳೆಯ ರಾಶಿ!

ಪಂಕ್ತಿ ಏಳುವುದೇ ತಡ, ನಂಜಪ್ಪ ಗೋಣಿಚೀಲ ಹಿಡಿದು ಬಗ್ಗಿದ.

“ಲೋ ನಂಜ, ಎಣ್ಣಿನ ಅಪ್ಪನೇ ಎಂಜ್ಲು ಆಯಾಕ್ ಬಂದ್ಬುಟ್ನಲ್ಲಪ್ಪೋ!” ಎಂದು ಪಕ್ಕದ ಮನೆಯ ಮುದುಕಿ ಚಿಕ್ಕಬೋರಮ್ಮ ಕೂಗಿದಳು.

ನೆಂಟರೆಲ್ಲ ತಿರುಗಿ ನೋಡಿದರು. ನಂಜಪ್ಪನ ಮುಖ ಹಿಂಡಿದ ನಿಂಬೆಹಣ್ಣಾಯಿತು. ಚೀಲವನ್ನು ಹಿತ್ತಲಿಗೆ ಎಳೆದ. ಊರ ನಾಯಿಗಳೆಲ್ಲ ಹಿಂದೆಯೇ ಬಂದು, ಭಜನೆಗೆ ಕೂತಂತೆ ಅದರ ಸುತ್ತ ಕೂತವು.

ಬೀಗರು, ಅಕ್ಕಿಹೆಬ್ಬಾಳಿನ ತಮ್ಮಣ್ಣಗೌಡರು, ಕೈ ತೊಳೆಯಲು ಅಲ್ಲಿಗೇ ಬಂದರು. “ಏನ್ ಬೀಗ್ರೇ, ಚೀಲ್ದಲ್ಲಿ?”

ಮಗಳು ಬಾಳಬೇಕಾದ ಮನೆಯವರು. ನಿಮ್ಮ ನೆಂಟರು ಚೀಪಿದ ಮೂಳೆ ಎನ್ನುವುದು ಹೇಗೆ?

“ಕಾಯಿ... ತೆಂಗಿನ್ಕಾಯಿ.”

“ಕಾಯ್ಗೆ ನಾಯಿ ಕಾವ್ಲಾ?”

ಬೆನ್ನಿಗೇ ಬಂದಿದ್ದ ಚಿಕ್ಕಬೋರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬಾಯಿ ಹಾಕಿದಳು. “ನಿಮ್ಗೇ ಅಂತ ಮಡ್ಗವ್ನೆ ಬುಡಿ. ಕಾಯಿ ಕೊಡ್ದೆ ಬೀಗ್ರ ಕಳ್ಸಾರಾ? ಎತ್ರಪ್ಪಾ ಟೆಂಪೋಗೆ!”

“ಬ್ಯಾಡ, ಬ್ಯಾಡ” ಎನ್ನುತ್ತಲೇ ಗೌಡರು ಚೀಲಕ್ಕೆ ತಾವೇ ಭುಜ ಕೊಟ್ಟರು. ನಾಯಿಗಳು ಊರಾಚೆಯವರೆಗೂ ಹೋಗಿ ಟೆಂಪೋವನ್ನು ಬೀಳ್ಕೊಟ್ಟು ಬಂದವು.

ಸಂಜೆಯವರೆಗೂ ನಂಜಪ್ಪ ದೇವರ ಪಟದ ಮುಂದೆ ತಲೆ ಎತ್ತಲಿಲ್ಲ. ಆಗ ಫೋನು ಬಡಿದುಕೊಂಡಿತು.

“ಬೀಗ್ರೇ, ಚೀಲ ಬಿಚ್ದೆ.”

“ತೆಪ್ಪಾಯ್ತು ಗೌಡ್ರೇ! ಸುಳ್ಳೇಳ್ಬುಟ್ಟೆ. ನನ್ ಮಗಳ್ನ ಮಾತ್ರ ಏನೂ ಅನ್ಬ್ಯಾಡಿ. ಗದ್ದೆಗೆ ರಂಜಕ ಬೇಕಾಗಿತ್ತು, ಅದ್ಕೆ...”

“ಗೊತ್ತು ಬುಡಿ. ನಾನೂ ಸಾವಯವದವ್ನೇ. ನಮ್ ಮಣ್ಣಲ್ಲೂ ಅದೇ ಕಮ್ಮಿ. ನೀವು ಆಯೋದ್ನ ಮರೇಲಿ ನಿಂತು ನೋಡ್ತಿದ್ದೆ. ಬಾಯ್ಬುಟ್ಟು ಕೇಳಾಕೆ ನಾಚ್ಕೆ. ಪುಣ್ಯಕ್ಕೆ ನೀವೇ ಕಾಯಿ ಅಂದ್ಬುಟ್ರಿ!”

ನಂಜಪ್ಪನಿಗೆ ಹೋದ ಜೀವ ಬಂದಂತಾಯಿತು. “ಅಂಗಾದ್ರೆ... ಅರ್ಧ...” ಎಂದವನು ತನ್ನ ಮಾತಿಗೆ ತಾನೇ ನಾಚಿ ತಲೆ ತಗ್ಗಿಸಿದ.

“ಆಗ್ಲೇ ಸುಟ್ಟಾಯ್ತು. ಬರೋ ಭಾನ್ವಾರ ನಮ್ಮನೇಲಿ ಬೀಗ್ರೂಟ. ಎಲ್ರೂ ಬನ್ನಿ, ಒಟ್ಟೆ ತುಂಬ ಉಣ್ಣಿ. ಎಲೆ ಮಾತ್ರ ನಾವೇ ಎತ್ಕತೀವಿ.”