ಬೀಗರ ಮನೆಗೆ ಹೊರಟ ಸುವಾಸನೆ

ನಾನು ಶಾಲೆ ಬಿಟ್ಟದ್ದು ೧೯೭೯ರಲ್ಲಿ, ಏಳನೆಯ ಇಯತ್ತೆಯ ನಡುವೆ. ಗಣಿತದಲ್ಲಿ ಅನುಪಾತದ ಪಾಠ ಮರುವಾರ ಶುರುವಾಗುವುದಿತ್ತು. ಆ ಪಾಠವನ್ನು ನಾನು ಗೋವೆಗೆ ಬಂದು ಮರಳಿನ ಗುಡ್ಡೆಯ ಮೇಲೆ ನಿಂತು ಕಲಿತೆ. ಗೋಡೆಗೆ ಬಳಿಯುವ ಗಿಲಾವಿಗೆ ಒಂದಕ್ಕೆ ನಾಲ್ಕು. ಅಂದರೆ ಒಂದು ಬುಟ್ಟಿ ಸಿಮೆಂಟಿಗೆ ನಾಲ್ಕು ಬುಟ್ಟಿ ಮರಳು. ನಾನು ಕಲಸಿದ ಗಿಲಾವು ಇವತ್ತಿಗೂ ಬಿರುಕು ಬಿಟ್ಟಿಲ್ಲ. ಆಮೇಲೆ ನೆಲಕ್ಕೆ ಫರಸಿ ಕಲ್ಲು ಹಾಸುವ ಮಿಸ್ತ್ರಿಯಾದೆ. ಪಣಜಿಯ ಯಾವುದಾದರೂ ಹೋಟೆಲ್ಲಿನಲ್ಲಿ ನೀವು ಜಾರಿ ಬಿದ್ದಿದ್ದರೆ, ಆ ನುಣುಪು ನನ್ನದೇ ಇರಬಹುದು.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಕಲಸುವ ಕೆಲಸ ಯಾವುದೇ ಇರಲಿ, ನನಗೆ ಇನ್ನೊಬ್ಬರು ಹೇಳಿಕೊಡಬೇಕಿಲ್ಲ ಎಂಬ ಅಭಿಮಾನ ನನಗಿತ್ತು. ಇತ್ತು.

ಅದು ೨೦೦೮ರ ಬೇಸಿಗೆ. ನಾವು ಆಗಲೂ ಈಗಿನಂತೆ ಪಣಜಿಯ ಹತ್ತಿರದ ಚಿಂಬಲ್‌ನಲ್ಲೇ ಇದ್ದೆವು. ಮಗಳು ಗೀತಾಳಿಗೆ ದಕ್ಷಿಣ ಗೋವೆಯ ಕುಡಚಡೆಯಿಂದ ಒಂದು ಸಂಬಂಧ ಬಂದಿತ್ತು. ಅವರೂ ನಮ್ಮ ಕಡೆಯವರೇ, ಗದಗಿನವರು. ಹುಡುಗ ಮಂಜುನಾಥ ಅದಿರಿನ ಲಾರಿ ಓಡಿಸುತ್ತಿದ್ದ. ಅವನ ತಂದೆ ಬಸವಂತಪ್ಪನವರೂ ಮೊದಲು ಅದನ್ನೇ ಓಡಿಸಿದವರು. ಅವರು ಬಂದು ಹುಡುಗಿ ನೋಡಿ, ಒಪ್ಪಿ ಹೋಗಿದ್ದರು. ಗೀತಾ ಹಿಂದಿನ ಮೂರು ವರಗಳನ್ನು ಒಂದೊಂದು ನೆಪ ಹೇಳಿ ಅಟ್ಟಿದವಳು. ಈ ಸಲ ಮಾತ್ರ ನೆಲ ನೋಡುತ್ತ ತಾಯಿಯನ್ನು ಕೇಳಿದಳಂತೆ, "ಯವ್ವಾ, ಕುಡಚಡೆಗೆ ಬಸ್ಸು ಎಷ್ಟೊತ್ತಿಗೆ ಅದಾವ?" ಇದಕ್ಕಿಂತ ದೊಡ್ಡ ಒಪ್ಪಿಗೆ ನಮ್ಮ ಮನೆತನದಲ್ಲಿ ಯಾವ ಹುಡುಗಿಯೂ ಕೊಟ್ಟಿಲ್ಲ.

ಇನ್ನು ನಾವು ಒಂದು ರವಿವಾರ ಹೋಗಿ ಅವರ ಮನೆ ನೋಡುವುದು ಬಾಕಿ. ಅದೊಂದು ಆದರೆ ನಿಶ್ಚಯ.

ಆದರೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ನಟ್ಟಿತ್ತು. ಅವರು ಹುಡುಗಿ ನೋಡಲು ಬಂದ ದಿನ ನಾನು ಕೆಲಸದಿಂದ ನೇರವಾಗಿ ಬಂದು ಚಾಪೆಯ ಮೇಲೆ ಬಸವಂತಪ್ಪನವರ ಪಕ್ಕ ಕುಳಿತಿದ್ದೆ. ಅವರು ಮಾತಾಡುತ್ತಾ ಮಾತಾಡುತ್ತಾ ಸರಿದು ಸರಿದು ಹೊಸ್ತಿಲು ಮುಟ್ಟಿದರು. "ಇಲ್ಲಿ ಗಾಳಿ ಚಲೋ ಐತಿ ಬಿಡ್ರಿ" ಎಂದರು. ಗಾಳಿ ಎಲ್ಲಿಯೂ ಇರಲಿಲ್ಲ. ನನಗೆ ನನ್ನ ವಾಸನೆ ಗೊತ್ತಾಗುವುದಿಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ ಸಿಮೆಂಟಿನ ಧೂಳು ಕುಡಿದ ಮೂಗು ನನ್ನದು. ಆದರೆ ಬೀಗರು ಸರಿದದ್ದು ಕಣ್ಣಿಗೆ ಕಾಣುತ್ತದಲ್ಲ.

ಆ ದಿನಗಳಲ್ಲಿ ನಾನು ಪಣಜಿಯಲ್ಲಿ ಲೂರ್ದಿನ್ ಬಾಯಿಯವರ ಹಳೆಯ ಮನೆಗೆ ಹೊಸ ಫರಸಿ ಹಾಕುತ್ತಿದ್ದೆ. ನಿವೃತ್ತ ಟೀಚರು. ಪ್ಲಾಸ್ಟಿಕ್ ಕಂಡರೆ ಹಾವು ಕಂಡವರಂತೆ ಆಡುತ್ತಿದ್ದರು. ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಏನೋ ಬೆಳ್ಳಗೆ ಕಲಸುತ್ತಿದ್ದರು. ಏನೆಂದು ಕೇಳಿದೆ. ಬೆವರಿನ ವಾಸನೆಗೆ ಡಿಯೋಡರಂಟ್ ಎಂದರು. ಅಂಗಡಿಯದು ತಂದರೆ ಡಬ್ಬಿ ಬಿಸಾಡಬೇಕು, ಅದು ಸಮುದ್ರ ಸೇರುತ್ತದೆ. ಇದಕ್ಕಾದರೆ ಕೊಬ್ಬರಿ ಎಣ್ಣೆ, ಆರಾರೂಟಿನ ಹಿಟ್ಟು, ಎರಡು ಚಿಟಿಕೆ ಸೋಡಾ, ನಾಲ್ಕು ಹನಿ ಸುಗಂಧದ ಎಣ್ಣೆ, ಹಾಕಿಡಲು ಹಳೆಯ ಗಾಜಿನ ಬಾಟ್ಲಿ. ಇಷ್ಟೇ. ಚೂರೂ ಕಸವಿಲ್ಲ. ಪ್ರಮಾಣ ಬರೆದುಕೊಡಲೇ ಎಂದು ಕೇಳಿದರು.

ನನಗೆ ನಗು ಬಂತು. ಕಲಸುವುದರಲ್ಲಿ ಕೂದಲು ಹಣ್ಣಾದವನಿಗೆ ಪ್ರಮಾಣ ಬರೆದುಕೊಡುವುದೇ! ಬೇಡ ಬಾಯ್, ತಲೆಯಲ್ಲಿದೆ ಎಂದೆ.

ಶನಿವಾರ ಸಂಜೆ ಹೆಂಡತಿ ಶಾಂತವ್ವ, ಮಗಳು ಗೀತಾ ಇಬ್ಬರೂ ಪಣಜಿಯ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಒಬ್ಬನೇ ಒಲೆಯ ಮುಂದೆ ಕುಳಿತು ಕಾರ್ಯ ಆರಂಭಿಸಿದೆ.

ಮನೆಯಲ್ಲಿ ಆರಾರೂಟ್ ಇರಲಿಲ್ಲ. ಹಿಟ್ಟು ಅಂದಮೇಲೆ ಹಿಟ್ಟು. ಕಡಲೆಹಿಟ್ಟು ಇತ್ತು. ನಮ್ಮ ತಾಯಿ ನಮಗೆಲ್ಲ ಕಡಲೆಹಿಟ್ಟು ಹಚ್ಚಿಯೇ ನೀರೆರೆದವಳು. ಮೈಗೆ ಅದಕ್ಕಿಂತ ಶ್ರೇಷ್ಠವಾದದ್ದು ಯಾವುದು? ಸುಗಂಧದ ಎಣ್ಣೆ ಇರಲಿಲ್ಲ. ಅಜಿವಾನ ಇತ್ತು. ನೆಗಡಿಯನ್ನೇ ಓಡಿಸುವ ಅಜಿವಾನಕ್ಕೆ ಬೆವರು ಯಾವ ಲೆಕ್ಕ? ಬಾಯಿಯವರು ಎಣ್ಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿದ್ದರು. ನಾನು ಹೊಗೆಯಾಡುವ ತನಕ ಕಾಯಿಸಿದೆ; ಮಾಡುವ ಕೆಲಸ ಪೂರ್ತಿ ಮಾಡಬೇಕು. ಇನ್ನು ಸೋಡಾ. ಎರಡು ಚಿಟಿಕೆ ಎಂಬುದು ಯಾವ ಅಳತೆ? ಎರಡು ಚಿಟಿಕೆ ಸಿಮೆಂಟು ಹಾಕಿದರೆ ಗೋಡೆ ನಿಲ್ಲುತ್ತದೆಯೇ? ಒಂದು ಬಟ್ಟಲು ಸೋಡಾ, ನಾಲ್ಕು ಬಟ್ಟಲು ಹಿಟ್ಟು. ಗಿಲಾವಿನ ಲೆಕ್ಕ.

ಕಾದ ಎಣ್ಣೆಗೆ ಹಿಟ್ಟು ಬೀಳುತ್ತಲೇ ಚುರ್ ಎಂದು ಸದ್ದಾಯಿತು. ಗೋಡೆಯಾಚೆಯಿಂದ ಪಕ್ಕದ ಖೋಲಿಯ ಗಂಗವ್ವ ಕೂಗಿದಳು, "ಅಣ್ಣಾರ, ಏನ್ ಜೋರ ನಡಸೀರಿ? ನಮಗೂ ಎರಡ ಕಳಸ್ರಿ."

"ಇದು ತಿನ್ನೂದಲ್ಲವಾ, ಹಚ್ಚೂದು" ಎಂದೆ.

ಗಂಗವ್ವ ಮುಂದೆ ಮಾತಾಡಲಿಲ್ಲ. ಅದು ನನಗೆ ಸಿಕ್ಕ ಮೊದಲ ಎಚ್ಚರಿಕೆ. ನಾನು ಅದನ್ನು ಮೆಚ್ಚುಗೆ ಎಂದು ತಿಳಿದೆ.

ಬಾಟ್ಲಿಯೂ ಮನೆಯದೇ. ಖಾಲಿಯಾದ ಉಪ್ಪಿನಕಾಯಿಯ ಗಾಜಿನ ಬಾಟ್ಲಿ. ತೊಳೆದೆ. ಕೆಲಸಗಾರರು ಸಿಮೆಂಟು ಹೊರುವ ತಗಾರಿ ತೊಳೆಯುತ್ತಾರಲ್ಲ, ಹಾಗೆ: ಒಮ್ಮೆ ನೀರು ಹಾಕಿ ಚೆಲ್ಲಿದೆ.

ರವಿವಾರ ಮುಂಜಾನೆ ಸ್ನಾನ ಮಾಡಿ, ಎರಡೂ ಕಂಕುಳಿಗೆ ಒಂದೇ ದಪ್ಪಕ್ಕೆ ಬಳಿದುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದೆ. ಗೀತಾ ತನ್ನ ಪೌಡರಿನ ಡಬ್ಬಿ ಹಿಡಿದು ನಿಂತಿದ್ದಳು. "ಅಪ್ಪಾ, ಸ್ವಲ್ಪ ಪೌಡರ್ ಹಚ್ಕೊಂಡ ಹೋಗ್ರಿ, ಸಾಕು."

"ನಿಮ್ಮಪ್ಪ ಇವತ್ತ ಏನೂ ಕಡಿಮಿ ಮಾಡ್ಕೊಂಡಿಲ್ಲವಾ" ಎಂದು ಅವಳ ತಲೆ ಸವರಿದೆ.

ಅಷ್ಟರಲ್ಲಿ ಶಾಂತವ್ವ ಮೂಗು ಏರಿಸಿದಳು. "ಯಾರ ಮನ್ಯಾಗೋ ಮುಂಜಾನೆದ್ದು ಭಜಿ ಕರ್ಯಾಕತ್ತಾರ ನೋಡ್ರಿ."

ಇರಬಹುದು ಎಂದೆ. ಪಣಜಿಯ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಅಂದಳು, "ಇಲ್ಲೂ ಭಜಿ." ಅಲ್ಲಿ ನಿಜವಾಗಿಯೂ ಭಜಿ ಗಾಡಿ ಇತ್ತು. ಮಡಗಾಂವಿನ ಬಸ್ಸು ಹೊರಟಿತು. ನಮ್ಮ ಮುಂದೆ ಕುಳಿತ ಮುದುಕ ಎರಡು ಸಲ ಹಿಂತಿರುಗಿ ನೋಡಿ, ಕೊನೆಗೆ ಕೊಂಕಣಿಯಲ್ಲಿ ಬಲು ವಿನಯದಿಂದ ಕೇಳಿದ, ಭಜಿ ಎಲ್ಲಿ ಕಟ್ಟಿಸಿಕೊಂಡಿರಿ, ಬಿಸಿ ಇದ್ದಂತಿದೆ. ಝುವಾರಿ ಸೇತುವೆಯ ನಡುವೆ, ಕೆಳಗೆ ನೀರು, ಮೇಲೆ ಆಕಾಶ, ಸುತ್ತ ಒಂದೂ ಭಜಿ ಗಾಡಿ ಇಲ್ಲದ ಜಾಗದಲ್ಲಿ ಶಾಂತವ್ವ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ರೀ, ಕೈ ಎತ್ತರಿ."

"ಯಾಕ?"

"ಎತ್ತರಿ ಅಂದ್ನೆಲ್ಲ."

ಎತ್ತಿದೆ. ಆಕೆ ಮೂಸಿದಳು. "ಏನ್ ಹಚ್ಕೊಂಡೀರಿ?"

ಕಸವಿಲ್ಲದ, ಸಮುದ್ರಕ್ಕೆ ಹಾನಿಯಿಲ್ಲದ ನೈಸರ್ಗಿಕ ಲೇಪನದ ಬಗ್ಗೆ ನಾನು ವಿವರವಾಗಿ ತಿಳಿಸಿದೆ. ಆಕೆ ಬೆರಳು ಮಡಿಚುತ್ತ ಕೇಳಿದಳು. "ಕಡ್ಲಿ ಹಿಟ್ಟು. ಸೋಡಾ. ಅಜಿವಾನ. ಕಾಸಿದ ಎಣ್ಣಿ." ಒಂದು ಬೆರಳು ಉಳಿಯಿತು. "ಉಪ್ಪು ಒಂದ ಯಾಕ ಬಿಟ್ರಿ?"

ಉಪ್ಪು ಬೆವರಿನಿಂದ ಬರುತ್ತಿತ್ತು.

"ಯಾವ ಬಾಟ್ಲ್ಯಾಗ ಹಾಕಿಟ್ಟೀರಿ?"

"ಉಪ್ಪಿನಕಾಯಿದು. ತೊಳದೇನಿ."

"ಮೆಣಸಿನಕಾಯಿ ಉಪ್ಪಿನಕಾಯಿದರಿ ಅದು."

ಬೆಳಗಿನಿಂದ ಕಂಕುಳು ಯಾಕೆ ಉರಿಯುತ್ತಿದೆ ಎಂಬುದು ನನಗೆ ಆಗ ತಿಳಿಯಿತು. ಮಿರ್ಚಿಭಜಿಗೆ ಬೇಕಾದ ಯಾವ ಸಾಮಾನೂ ಬಾಕಿ ಉಳಿದಿರಲಿಲ್ಲ. ಎಡಕ್ಕೊಂದು, ಬಲಕ್ಕೊಂದು.

"ಹೊಳ್ಳಿ ಹೋಗೂಣೇನು?" ಎಂದೆ.

"ಮನಿ ನೋಡಾಕ ಹೊಂಟವರು ಹೊಳ್ಳಿ ಹೋದ್ರ ಸಂಬಂಧ ಒಲ್ಲೆ ಅಂದಂಗ. ಗೀತಾನ ಮುಂದ ಏನಂತ ಹೇಳ್ತೀರಿ? ಸುಮ್ನ ಕೈ ಇಳಸ್ರಿ. ಸಂಜೀತನಕ ಎತ್ತಬ್ಯಾಡ್ರಿ."

ಕುಡಚಡೆಯಲ್ಲಿ ಇಳಿದು ನಲ್ಲಿಯ ಕೆಳಗೆ ತೊಳೆದುಕೊಳ್ಳಲು ನೋಡಿದೆ. ಎಣ್ಣೆಯಲ್ಲಿ ಕಲಸಿದ ಹಿಟ್ಟಿಗೆ ನೀರು ತಾಗಿದರೆ ಏನಾಗುತ್ತದೆಂದು ಅಡಿಗೆ ಮಾಡುವ ಯಾರನ್ನು ಬೇಕಾದರೂ ಕೇಳಿ. ಹದಕ್ಕೆ ಬಂತು. ಒದ್ದೆ ಅಂಗಿಯಲ್ಲಿ ರಸ್ತೆಗೆ ಬಂದರೆ ಅದಿರಿನ ಲಾರಿಗಳ ಸಾಲು. ಕೆಂಪು ಧೂಳು ಬಂದು ಸರಿಯಾಗಿ ಒದ್ದೆ ಜಾಗದಲ್ಲೇ ಕೂತಿತು. ಖಾರದ ಪುಡಿ ಉದುರಿಸಿದ ಹಾಗೆ.

ರೆಕ್ಕೆ ಕಟ್ಟಿದ ಕೋಳಿಯಂತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಬೀಗರ ಮನೆ ಹೊಕ್ಕೆ. ಬಸವಂತಪ್ಪನವರು ಕೈಮುಗಿದರು. ನಾನು ಅಂಗೈಗಳನ್ನು ಹೊಟ್ಟೆಯ ಹತ್ತಿರವೇ ಜೋಡಿಸಿದೆ. ಗೋಡೆಗೆ ಒರಗಿ ಅವರ ತಾಯಿ ಕುಳಿತಿದ್ದರು. ಅಜ್ಜಿಗೆ ಕಣ್ಣು ಮಂಜು, ಮೂಗು ಮಂಜಲ್ಲ.

"ಬರ್ರಿ, ಕುಂದರ್ರಿ. ದೂರದಿಂದ ಬಂದೀರಿ" ಎಂದರು ಅಜ್ಜಿ. ಆಮೇಲೆ ಒಳಗೆ ಕೂಗಿದರು, "ಏ, ಬರೇ ಚುರುಮರಿ ತರ್ರಿ. ಭಜಿ ಬೀಗರ ತಂದಾರ."

ಚುರುಮರಿಯ ತಾಟುಗಳು ಬಂದವು. ಪ್ರತಿ ತಾಟಿನಲ್ಲೂ ಒಂದು ಪಕ್ಕಕ್ಕೆ ಜಾಗ ಬಿಟ್ಟಿದ್ದರು. ಎಲ್ಲರ ಕಣ್ಣೂ ಶಾಂತವ್ವನ ಚೀಲದ ಮೇಲೆ. ಆಕೆ ಚೀಲದಿಂದ ತೆಂಗಿನಕಾಯಿ ತೆಗೆದಳು. ಬಾಳೆಹಣ್ಣು ತೆಗೆದಳು. ಸಕ್ಕರೆ ತೆಗೆದಳು. ಚೀಲ ಮಡಚಿದಳು.

ಬಸವಂತಪ್ಪನವರು ನನ್ನನ್ನು ನೋಡಿದರು. ಹುಬ್ಬು ಹತ್ತಿರ ಬಂದವು. "ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಫರಸಿ ಮಿಸ್ತ್ರಿ ಅಂತ ಹೇಳಿದ್ರಿ ಹೌದಲ್ರಿ?"

"ಹೌದ್ರಿ."

"ಭಜಿ ಗಾಡಿ ಇದ್ರ ಹೇಳಾಕ ನಾಚಿಗಿ ಏನ್ರಿ? ದುಡದು ತಿನ್ನೂದು ಯಾವದೂ ಕಮ್ಮಿ ಅಲ್ಲ. ಆದ್ರ ಸಂಬಂಧದಾಗ ಸುಳ್ಳ ಬರಬಾರದು ನೋಡ್ರಿ."

ನನ್ನ ರಕ್ತ ತಲೆಗೇರಿತು. ಮೈಯ ಸಿಮೆಂಟಿನ ವಾಸನೆಯೊಂದೇ ನನ್ನ ಬಳಿ ಇದ್ದ ಸರ್ಟಿಫಿಕೇಟು. ಅದನ್ನು ಹಿಂದಿನ ಸಂಜೆ ಒಲೆಯ ಮುಂದೆ ಕುಳಿತು ನಾನೇ ಅಳಿಸಿದ್ದೆ. ಬಾಯಿಮಾತಿನಿಂದ ಇನ್ನು ಆಗದು ಎಂದು, ಮಿಸ್ತ್ರಿತನ ತೋರಿಸಲು ಅಲ್ಲೇ ಬಗ್ಗಿ ಗೆಣ್ಣಿನಿಂದ ನೆಲ ಬಡಿದೆ. ಟೊಳ್ಳು. ಪಕ್ಕದ ಕಲ್ಲು ಬಡಿದೆ. ಅದೂ ಟೊಳ್ಳು.

"ಕೇಳ್ರಿ ಈ ಸಪ್ಪಳ" ಎಂದೆ. "ಕೆಳಗ ಸಿಮೆಂಟಿನ ಮಾಲು ಕುಂತಿಲ್ಲ. ಇಳಿಜಾರು ಬಾಗಲ ಕಡೆ ಇರೂದು ಬಿಟ್ಟು ದೇವರ ಮನಿ ಕಡೆ ಐತಿ. ಇದನ್ನ ಯಾವ ಕತ್ತಿ ಹಾಕೇತ್ರಿ?"

ಹೇಳುವ ಭರದಲ್ಲಿ ಕೈ ಎತ್ತಿ ದೇವರ ಮನೆಯ ಕಡೆ ತೋರಿಸಿದೆ. ಅಂಗಿಯ ಕಂಕುಳಲ್ಲಿ ಹಳದಿ, ಹಳದಿಯ ಮೇಲೆ ಕೆಂಪು. ಒಂದು ಸಣ್ಣ ಉಂಡೆ ತಪ್ಪಿಸಿಕೊಂಡು ಚುರುಮರಿಯ ತಾಟಿನ ಪಕ್ಕ ಬಿತ್ತು.

"ನಮ್ಮ ಮಂಜುನಾಥ ಹಾಕ್ಯಾನ್ರಿ" ಎಂದರು ಬಸವಂತಪ್ಪನವರು. "ಲಾರಿ ರಜಾ ಇದ್ದಾಗ, ತಾನ ಕಲತು."

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಮಂಜುನಾಥ ನಿಂತಿದ್ದ.

ಒಂದೇ ಬೈಠಕ್ಕಿನಲ್ಲಿ ಅಳಿಯನನ್ನು ಕತ್ತೆ ಎಂದು ಕರೆದು, ಬೀಗರ ನೆಲದ ಮೇಲೆ ಹಿಟ್ಟು ಉದುರಿಸಿದ ಮಾವ ಕರ್ನಾಟಕದಲ್ಲಾಗಲಿ ಗೋವೆಯಲ್ಲಾಗಲಿ ಇನ್ನೊಬ್ಬನಿದ್ದರೆ ನನಗೆ ತಿಳಿಸಿ. ಬಸ್ಸಿನ ವೇಳೆ ಕೇಳಿದ ಗೀತಾಳ ಮುಖ ಕಣ್ಣ ಮುಂದೆ ಬಂತು.

ಶಾಂತವ್ವ ಸೆರಗು ಸರಿಮಾಡಿಕೊಂಡಳು. "ಅಜ್ಜಿ, ನಾ ಖರೇ ಹೇಳ್ತೀನಿ, ಕೇಳ್ರಿ. ನಮ್ಮವರು ಮಿಸ್ತ್ರೀನ ಅದಾರ. ಬೀಗರ ಮುಂದ ಬೆವರ ನಾರಬಾರದಂತ ಕಡ್ಲಿ ಹಿಟ್ಟು, ಸೋಡಾ, ಅಜಿವಾನ ಎಣ್ಣ್ಯಾಗ ಹುರಿದು, ಉಪ್ಪಿನಕಾಯಿ ಬಾಟ್ಲ್ಯಾಗ ಹಾಕಿ, ಕಂಕಳಿಗೆ ಮೆತ್ಕೊಂಡ ಬಂದಾರ."

ಬಸವಂತಪ್ಪನವರು, "ಇದನ್ನ ನಂಬೂದು ಹೆಂಗ್ರಿ?" ಎಂದರು.

"ನಂಬೋ ಬಸ್ಯಾ" ಎಂದರು ಅಜ್ಜಿ. "ಸುಳ್ಳ ಹೇಳಾವ ಮರ್ಯಾದಿ ಉಳಿಯೂ ಅಂಥಾ ಸುಳ್ಳ ಹೇಳ್ತಾನ. ಇಂಥಾದ್ದು ಖರೇನ ಇರಬೇಕು." ಆಮೇಲೆ ಅವರ ಹೊಟ್ಟೆ ಅಲುಗಾಡತೊಡಗಿತು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಉರ್ಯಾಕತ್ತೈತೇನೋ ತಮ್ಮಾ?"

"ಭಾಳ ಉರ್ಯಾಕತ್ತೈತ್ರಿ ಯವ್ವಾ" ಎಂದೆ. ಆ ದಿನ ನಾನು ಆಡಿದ ಮೊದಲ ವಿವೇಕದ ಮಾತು ಅದು.

ಹೀಗೆ ಮನೆ ನೋಡಲು ಹೋದ ನಾನು, ಮೊದಲು ಅವರ ಬಚ್ಚಲು ನೋಡಿದೆ. ಅಜ್ಜಿ ಹೊರಗಿನಿಂದ ಮಜ್ಜಿಗೆ ಕಳಿಸಿದರು, ಹಚ್ಚಿಕೊಳ್ಳಲು. ಮಂಜುನಾಥ ಹುಡುಗಿ ನೋಡಲು ಬಂದಾಗ ತೊಟ್ಟಿದ್ದ ತನ್ನ ನೀಲಿ ಅಂಗಿ ತಂದು ಬಾಗಿಲ ಮೇಲೆ ಹಾಕಿದ. ನಾನು ಅದನ್ನು ತೊಟ್ಟು, ಹೊಟ್ಟೆಯ ಮೇಲೆ ಗುಂಡಿ ಸೇರದೆ, ಕಳ್ಳನಂತೆ ಹೊರಗೆ ಬಂದಾಗ ಅವನು ನೆಲದ ಮೇಲೆ ಕುಳಿತು ಗೆಣ್ಣಿನಿಂದ ಕಲ್ಲು ಬಡಿದು ನೋಡುತ್ತಿದ್ದ.

"ಎಲ್ಲೆಲ್ಲಿ ಟೊಳ್ಳ ಆಗ್ಯಾವ ತೋರಸ್ರಿ, ಮಾವಾರ" ಎಂದ.

ಮಾವಾರ ಎಂದ. ನಾನು ಅವನ ಪಕ್ಕ ಕುಳಿತು ಎಲ್ಲ ತೋರಿಸಿದೆ. ಕೈ ಎಷ್ಟು ಬೇಕಾದರೂ ಎತ್ತಿ ತೋರಿಸಿದೆ.

ಮನೆಗೆ ಬಂದಾಗ ಗೀತಾ ಬಾಗಿಲಲ್ಲೇ ಇದ್ದಳು. ನೀಲಿ ಅಂಗಿ ನೋಡಿದಳು, ಗುರುತು ಹಿಡಿದಳು, ಒಳಗೆ ಹೋಗಿ ಚಹಾಕ್ಕಿಟ್ಟಳು. ಹಾಡು ಗುನುಗುವುದು ಹೊರಗೆ ಕೇಳಿಸುತ್ತಿತ್ತು. ಲೂರ್ದಿನ್ ಬಾಯಿಯವರಿಗೆ ಮರುದಿನ ಎಲ್ಲ ಹೇಳಿದೆ. ಅವರು ನಗಲಿಲ್ಲ. ಒಂದು ಕಾಗದ ತೆಗೆದು ಪ್ರಮಾಣ ಬರೆದು ನನ್ನ ಕಿಸೆಗೆ ತುರುಕಿದರು.

ಆ ದೀಪಾವಳಿಯ ನಂತರ ಮದುವೆಯಾಯಿತು. ಕುಡಚಡೆಯ ಆ ನೆಲವನ್ನು ಅಳಿಯ, ನಾನು ಇಬ್ಬರೂ ಸೇರಿ ಕಿತ್ತು ಮತ್ತೆ ಹಾಸಿದೆವು. ಈಗ ನೀರು ಬಾಗಿಲ ಕಡೆಗೇ ಹರಿಯುತ್ತದೆ. ಆದರೆ ಆ ಓಣಿಯಲ್ಲಿ ನನ್ನನ್ನು ಯಾರೂ ಮಿಸ್ತ್ರಿ ಎನ್ನುವುದಿಲ್ಲ. ನಾನು ಬಸ್ಸಿಳಿದರೆ ಮಕ್ಕಳು ಮುಂದೆ ಓಡಿಹೋಗಿ ಹೇಳುತ್ತವೆ, ಭಜಿ ಬೀಗರು ಬಂದರು ಎಂದು.

ಈಗ ನನ್ನ ಹತ್ತಿರ ಏನೇನಿದೆ ಎಂದರೆ: ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅಳಿಯ ಒಬ್ಬ, ಮೊಮ್ಮಗಳು ಒಬ್ಬಳು. ಗಿಲಾವು ಬಳಿಯುವ ಕರಣಿ ಎರಡು, ನೆಲದ ಮಟ್ಟ ನೋಡುವ ರಸಮಟ್ಟ ಒಂದು. ಅಳಿಯನ ನೀಲಿ ಅಂಗಿ ಒಂದು, ಅವನು ಕೇಳಿಲ್ಲ, ನಾನು ಕೊಟ್ಟಿಲ್ಲ. ಮುಕ್ಕಾಲು ತುಂಬಿದ ಆ ಉಪ್ಪಿನಕಾಯಿ ಬಾಟ್ಲಿ ಒಂದು. ಕಸ ಮಾಡಬಾರದೆಂದು ಬಿಸಾಡಿಲ್ಲ. ಮೂಗು ಒಂದು. ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ.